ಫ್ರಿಜ್ಜಿನಲ್ಲಿ ಕೆಂಪು ಕಣ ಒಡೆಯದಂತೆ ನೋಡಿಕೊಂಡ ಬಗೆ: ನನ್ನ ಅನುಭವ

ರಕ್ತನಿಧಿಯ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ 42 ದಿನ ಅನ್ನೋದು ಬಾಯಿಪಾಠ. ಎಸ್‌ಎಜಿಎಂ ಅನ್ನುವ, ಕಣಗಳಿಗೆ ಪೋಷಣೆ ಕೊಡುವ ದ್ರಾವಣ ಸೇರಿಸಿದ ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿ ಅಷ್ಟು ದಿನ ಇಡಬಹುದು. ಬರೀ ಸಿಪಿಡಿಎ-1 (ರಕ್ತ ಹೆಪ್ಪುಗಟ್ಟದಂತೆ ತಡೆದು ಕಣಗಳನ್ನು ಕಾಯುವ ದ್ರಾವಣ) ಇದ್ದರೆ 35 ದಿನ. ಆದರೆ ಒಂದೇ ದಿನ ತೆಗೆದು ಒಂದೇ ಫ್ರಿಜ್ಜಿನಲ್ಲಿಟ್ಟ ಎರಡು ಬ್ಯಾಗ್‌ಗಳು ಕೊನೆಗೆ ಒಂದೇ ತರ ಇರುವುದಿಲ್ಲ. ಯಾಕೆ ಅಂತ ನಾನು ಹುಡುಕಲು ಶುರು ಮಾಡಿದ್ದು ಅಲ್ಲಿಂದ.

ಕೆಂಪು ಕಣ ಫ್ರಿಜ್ಜಿನಲ್ಲೂ ಬದುಕಿರುತ್ತದೆ. ಗ್ಲೂಕೋಸ್ ಬಳಸುತ್ತದೆ, ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಚಳಿಗೆ ಸೋಡಿಯಂ-ಪೊಟ್ಯಾಸಿಯಂ ಪಂಪ್ ಮಂಕಾಗಿ, ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಆಮ್ಲಜನಕ ಬಿಟ್ಟುಕೊಡಲು ನೆರವಾಗುವ 2,3-ಡಿಪಿಜಿ ಎರಡು ವಾರದಲ್ಲಿ ಹೆಚ್ಚುಕಮ್ಮಿ ಖಾಲಿ. ರೋಗಿಯ ಮೈಗೆ ಹೋದ ಮೇಲೆ ಒಂದೆರಡು ದಿನದಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ. ಇವನ್ನೆಲ್ಲ ದ್ರಾವಣ ತಯಾರಿಸುವವರು ನೋಡಿಕೊಳ್ಳಬೇಕು. ನಮ್ಮ ಕೈಯಲ್ಲಿರುವುದು ಮುಖ್ಯವಾಗಿ ಒಂದು: ಕಣ ಒಡೆದು ಹಿಮೋಗ್ಲೋಬಿನ್ ಹೊರಗೆ ಬರುವುದನ್ನು, ಅಂದರೆ ಹಿಮೋಲಿಸಿಸ್ಸನ್ನು, ಕಡಿಮೆ ಮಾಡುವುದು. ಅದನ್ನೇ ಅಳೆಯಲು ಹೊರಟೆ.

ಅವಧಿ ಮುಗಿದು ಯಾರಿಗೂ ಕೊಡದೆ ಉಳಿದ ಬ್ಯಾಗ್‌ಗಳನ್ನು ಇದಕ್ಕೆ ಬಳಸಿದೆ. ಬ್ಯಾಗನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ ಬೆರೆಸಿ, ಬ್ಯಾಗಿನ ಒಳಗಿನಿಂದಲೇ ಸ್ಯಾಂಪಲ್ ತೆಗೆಯಬೇಕು. ಬ್ಯಾಗಿಗೆ ಅಂಟಿಕೊಂಡ ಟ್ಯೂಬಿನ ಸೀಲ್ ಮಾಡಿದ ತುಂಡು, ಅಂದರೆ ಸೆಗ್ಮೆಂಟ್, ನೋಡಿ ಬ್ಯಾಗ್ ಕೆಟ್ಟಿದೆ ಅಂತ ಹೇಳಲು ಆಗುವುದಿಲ್ಲ. ಟ್ಯೂಬನ್ನು ಒತ್ತಿ ಒಳಗಿನ ರಕ್ತವನ್ನು ತಳ್ಳುವ ಸ್ಟ್ರಿಪ್ಪರ್‌ನಿಂದ ಒರಟಾಗಿ ಎಳೆದರೆ ಟ್ಯೂಬಿನಲ್ಲಿರುವ ಕಣ ಅಲ್ಲೇ ಒಡೆಯುತ್ತವೆ.

ಬರೀ ಕಣ್ಣನ್ನೂ ನಂಬುವಂತಿಲ್ಲ. ಒಂದು ಲೆಕ್ಕ ನೋಡಿ. ಹಿಮಟೋಕ್ರಿಟ್ (ಬ್ಯಾಗಿನಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 60, ಒಟ್ಟು ಹಿಮೋಗ್ಲೋಬಿನ್ ಡೆಸಿಲೀಟರಿಗೆ 20 ಗ್ರಾಂ, ಕಣಗಳು ತಳಕ್ಕಿಳಿದ ಮೇಲೆ ಉಳಿಯುವ ಮೇಲಿನ ತಿಳಿಯಲ್ಲಿ 0.2 ಗ್ರಾಂ ಅಂದುಕೊಳ್ಳಿ. 100ರಲ್ಲಿ 60 ಕಳೆದರೆ 40. ಅದನ್ನು 0.2ರಿಂದ ಗುಣಿಸಿ 20ರಿಂದ ಭಾಗಿಸಿದರೆ ಹಿಮೋಲಿಸಿಸ್ ಶೇ. 0.4. ಯುರೋಪಿನ ಮಿತಿ ಶೇ. 0.8, ಅಮೆರಿಕದಲ್ಲಿ ಶೇ. 1. ಅಂದರೆ ಇದು ಪಾಸು. ಆದರೆ ಆ ತಿಳಿ ಕೆಂಪಗೆ ಕಾಣುತ್ತದೆ, ನೋಡಿದವರು ಕೆಟ್ಟಿದೆ ಅಂತಲೇ ಅಂದುಕೊಳ್ಳುತ್ತಾರೆ. ಅಳೆಯದೆ ಬಿಸಾಡಿದರೆ ಒಬ್ಬರು ಕೊಟ್ಟ ರಕ್ತ ಸುಮ್ನೆ ಹಾಳು, ಅಲ್ವಾ?

ಅಳೆಯುತ್ತಾ ಹೋದಂತೆ ವ್ಯತ್ಯಾಸದ ಒಂದು ಪಾಲು ದಾನಿಯಿಂದಲೇ ಬರುತ್ತದೆ ಅಂತ ಗೊತ್ತಾಯಿತು. ಗಂಡಸರ ಕಣಗಳು ಹೆಂಗಸರದ್ದಕ್ಕಿಂತ ಸ್ವಲ್ಪ ಜಾಸ್ತಿ ಒಡೆಯುತ್ತವೆ ಅನ್ನುವುದು ದೊಡ್ಡ ಅಧ್ಯಯನಗಳಲ್ಲೂ ಕಂಡಿದೆ. ಅದಕ್ಕೆ ನಾವು ಏನೂ ಮಾಡಲಾಗದು. ನಾನು ಹಿಡಿದದ್ದು ಫ್ರಿಜ್ಜನ್ನು.

ರಕ್ತದ ಭಾಗಗಳನ್ನು ಬೇರ್ಪಡಿಸುವ ಕಾಂಪೊನೆಂಟ್ ಕೋಣೆಯಿಂದ ಬಂದ ಬ್ಯಾಗ್‌ಗಳು 20-24 ಡಿಗ್ರಿಯಲ್ಲಿರುತ್ತವೆ. ಅವನ್ನು ಬುಟ್ಟಿಯಲ್ಲಿ ಒತ್ತೊತ್ತಾಗಿ ಪೇರಿಸಿ ಫ್ರಿಜ್ಜಿಗೆ ತಳ್ಳುವ ಅಭ್ಯಾಸ ಇತ್ತು. ನಡುವಿನ ಎರಡು ಬ್ಯಾಗ್‌ಗಳ ಮಧ್ಯೆ ಥರ್ಮಾಮೀಟರಿನ ಪ್ರೋಬ್ ಇಟ್ಟು ನೋಡಿದೆ. ಫ್ರಿಜ್ಜಿನ ಡಿಸ್‌ಪ್ಲೇ 4 ತೋರಿಸುತ್ತಲೇ ಇತ್ತು, ನಡುವಿನ ಬ್ಯಾಗ್ ಮಾತ್ರ ಎಷ್ಟೋ ಹೊತ್ತು ಬೆಚ್ಚಗೇ ಇತ್ತು. ಬೆಚ್ಚಗಿದ್ದಷ್ಟು ಹೊತ್ತೂ ಕಣ ಗ್ಲೂಕೋಸನ್ನು ಬೇಗ ಬೇಗ ಖರ್ಚು ಮಾಡುತ್ತದೆ. ಈಗ ಹೊಸ ಬ್ಯಾಗ್‌ಗಳನ್ನು ಒಂದೇ ಸಾಲಿನಲ್ಲಿ, ನೆಟ್ಟಗೆ, ಗಾಳಿಯಾಡುವಷ್ಟು ಜಾಗ ಬಿಟ್ಟು ನಿಲ್ಲಿಸುತ್ತೇವೆ. ಹಳೆಯವುಗಳ ಜೊತೆ ತಾಗಿಸುವುದಿಲ್ಲ. ಹಿಂದಿನ ಗೋಡೆಗೂ ತಾಗಿಸುವುದಿಲ್ಲ. ಕೆಲವು ಫ್ರಿಜ್ಜುಗಳಲ್ಲಿ ಅಲ್ಲಿ ರಕ್ತ ಮಂಜುಗಡ್ಡೆಯಾಗುತ್ತದೆ, ಕಣವನ್ನು ಕಾಪಾಡುವ ಗ್ಲಿಸರಾಲ್ ಇಲ್ಲದೆ ಮಂಜುಗಟ್ಟಿದ ಕಣ ಕರಗಿದಾಗ ಒಡೆದೇ ಹೋಗುತ್ತದೆ.

ಪ್ರೋಬನ್ನು ಗಾಳಿಯಲ್ಲಿ ನೇತುಹಾಕುವ ಬದಲು ಬ್ಯಾಗಿನಷ್ಟೇ ದ್ರವ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟೆವು. ಬಾಗಿಲು ತೆಗೆದಾಗ ರಕ್ತಕ್ಕೆ ನಿಜವಾಗಿ ಎಷ್ಟು ಬಿಸಿ ತಟ್ಟುತ್ತದೆ ಅನ್ನುವುದು ಹಾಗೆ ಇಟ್ಟಾಗಲೇ ಗೊತ್ತಾಗುವುದು. ಮೊದಲೇ ಪಟ್ಟಿ ನೋಡಿಕೊಂಡು, ಬೇಕಾದವನ್ನೆಲ್ಲ ಒಟ್ಟಿಗೆ ತೆಗೆದು ಬಾಗಿಲು ಮುಚ್ಚುವುದನ್ನು ಎಲ್ಲರೂ ರೂಢಿ ಮಾಡಿಕೊಂಡೆವು. ಇದಾದ ಮೇಲೆ ಮಿತಿಯ ಹತ್ತಿರ ಬರುವ ಬ್ಯಾಗ್‌ಗಳು ಕಡಿಮೆಯಾದವು.

ಬ್ಯಾಗಿನ ಪ್ಲಾಸ್ಟಿಕ್ಕಿನ ಬಗ್ಗೆಯೂ ಒಂದು ಮಾತು. ಅದನ್ನು ಮೆತ್ತಗಾಗಿಸುವ ಡಿಇಎಚ್‌ಪಿ ರಕ್ತಕ್ಕೆ ಸೋರುತ್ತದೆ, ಹಾಗೆಯೇ ಕಣದ ಪೊರೆಯನ್ನು ಗಟ್ಟಿಯಾಗಿಯೂ ಇಡುತ್ತದೆ. ಅದಿಲ್ಲದ ಬ್ಯಾಗಿಗೆ ಬದಲಾಗುವವರು ತಮ್ಮ ಹಿಮೋಲಿಸಿಸ್ ಅಂಕಿಗಳನ್ನು ಹೊಸದಾಗಿ ನೋಡಲೇಬೇಕು.

'ಹೊಸ ರಕ್ತವೇ ಬೇಕು' ಅಂತ ಕೇಳುವವರು ಬಹಳ. 2015ರ ಏಬಲ್ ಮತ್ತು ರಿಸೆಸ್, 20 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 2016ರ ಇನ್‌ಫಾರ್ಮ್, ಈ ಮೂರು ಅಧ್ಯಯನಗಳಲ್ಲೂ ಹೊಸ ರಕ್ತದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ಮೊದಲು ಬಂದದ್ದು ಮೊದಲು ಹೋಗಲಿ ಅನ್ನುವುದೇ ನನ್ನ ನಿಲುವು. ವಿಕಿರಣ ಕೊಟ್ಟ (ದಾನಿಯ ಬಿಳಿ ಕಣಗಳು ರೋಗಿಯ ಮೈಯಲ್ಲಿ ಬೆಳೆಯದಂತೆ ಹೀಗೆ ಮಾಡುತ್ತಾರೆ) ಬ್ಯಾಗಿನ ವಿಷಯ ಮಾತ್ರ ಬೇರೆ. ವಿಕಿರಣದ ನಂತರ ಪೊಟ್ಯಾಸಿಯಂ ಇನ್ನೂ ವೇಗವಾಗಿ ಸೋರುತ್ತದೆ, ಹಸುಗೂಸಿಗೆ ಜಾಸ್ತಿ ರಕ್ತ ಕೊಡುವಾಗ ಅದು ಹೃದಯಕ್ಕೇ ಅಪಾಯ. ಆದ್ದರಿಂದ ಆ ಬ್ಯಾಗ್‌ಗಳನ್ನು ನಾವು ಮೊದಲೇ ಮಾಡಿಟ್ಟುಕೊಳ್ಳುವುದಿಲ್ಲ. ವಾರ್ಡಿನಿಂದ ಬೇಡಿಕೆ ಬಂದ ಮೇಲೆ ವಿಕಿರಣ ಕೊಟ್ಟು, ಆಗಲೇ ಕಳಿಸುತ್ತೇವೆ.