ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸ ವೈದ್ಯಕೀಯ ಪುರಾವೆಯನ್ನು ಬಳಕೆಗೆ ತರುವ ಬಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದಂತಹ ಊರುಗಳ ವೈದ್ಯರು ಹೊರರೋಗಿಗಳ ಸಾಲು ಮುಗಿಸಿ ವೈದ್ಯಕೀಯ ಪತ್ರಿಕೆಗಳನ್ನೆಲ್ಲ ಓದಲಿ ಎಂದು ನಿರೀಕ್ಷಿಸುವುದು ವ್ಯರ್ಥ. ವಾರ್ಡಿನಲ್ಲಿ ಎದ್ದ ಪ್ರಶ್ನೆಯಿಂದಲೇ ಓದು ಆರಂಭವಾಗಲಿ. ಕರ್ತವ್ಯ ಕೊಠಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟು, ಸಂದೇಹ ಬಂದಾಗಲೇ ಅದನ್ನು ಬರೆದಿಡಬೇಕು. ರೋಗಿ ಎಂಥವರು, ಯಾವ ಚಿಕಿತ್ಸೆ, ಯಾವುದಕ್ಕೆ ಹೋಲಿಸಿ, ಯಾವ ಫಲಕ್ಕಾಗಿ ಎಂಬ ನಾಲ್ಕೂ ಪ್ರಶ್ನೆಯಲ್ಲಿರಬೇಕು.

ವಾರಕ್ಕೊಮ್ಮೆ ಒಂದೇ ಪ್ರಶ್ನೆಯನ್ನು ಎತ್ತಿಕೊಂಡು, ಮೊದಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಗಳನ್ನು, ನಂತರ ಒಂದೇ ವಿಷಯದ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳನ್ನು, ಅಲ್ಲೂ ಉತ್ತರ ಸಿಗದಿದ್ದರೆ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಮೂಲ ಅಧ್ಯಯನಗಳನ್ನು ನೋಡಬೇಕು. ಮೆಡಿಕಲ್ ರೆಪ್ ತಂದುಕೊಡುವ ಹೊಳಪಿನ ಕಾಗದ ಕೊನೆಗೆ ಬರಲಿ.

ಅಂಕಿಗಳನ್ನು ಓದುವಾಗ ಶೇಕಡಾವಾರು ಇಳಿಕೆಗೆ ಮರುಳಾಗಬಾರದು. ಹೆರಿಗೆಯ ನಂತರದ ರಕ್ತಸ್ರಾವಕ್ಕೆ, ರಕ್ತಸ್ರಾವ ತಗ್ಗಿಸುವ ಔಷಧವಾದ ಟ್ರಾನೆಕ್ಸಾಮಿಕ್ ಆಮ್ಲವನ್ನು ಹುಸಿಮದ್ದಿಗೆ ಹೋಲಿಸಿ 20,060 ಮಹಿಳೆಯರಲ್ಲಿ ನಡೆಸಿ, 2017ರಲ್ಲಿ ಪ್ರಕಟಿಸಿದ ‘ವುಮನ್’ ಪ್ರಯೋಗದಲ್ಲಿ, ಮೂರು ಗಂಟೆಯೊಳಗೆ ಚಿಕಿತ್ಸೆ ಪಡೆದವರಲ್ಲಿ ರಕ್ತಸ್ರಾವದ ಸಾವು ಹುಸಿಮದ್ದಿನ ಗುಂಪಿನಲ್ಲಿ ಶೇ 1.7 ಇದ್ದರೆ, ಔಷಧದ ಗುಂಪಿನಲ್ಲಿ ಶೇ 1.2 ಇತ್ತು. ಇದನ್ನು ಶೇ 31ರಷ್ಟು ಇಳಿಕೆ ಎಂದೂ ಹೇಳಬಹುದು, ಸಾವಿರಕ್ಕೆ ಐದು ಜೀವ ಎಂದೂ ಹೇಳಬಹುದು. ಎರಡೂ ನಿಜವಾದರೂ, ತೀರ್ಮಾನಕ್ಕೆ ನೆರವಾಗುವುದು ಎರಡನೆಯದು. ಅಗ್ಗದ ಔಷಧಕ್ಕೆ ಐದು ಜೀವ ಸಣ್ಣ ಲಾಭವೇನಲ್ಲ.

ಇಲ್ಲಿಂದ ಮುಂದಿನದೇ ಕಷ್ಟದ ಕೆಲಸ. ಲಾಭವಿರುವುದು ಮೂರು ಗಂಟೆಯೊಳಗಾದ್ದರಿಂದ, ಬಳ್ಳಾರಿ ಅಥವಾ ರಾಯಚೂರಿನ ದೊಡ್ಡಾಸ್ಪತ್ರೆಗೆ ಕಳಿಸಿ ಅಲ್ಲಿ ಕೊಡಲಿ ಎಂದು ಕಾಯುವಂತಿಲ್ಲ. ಆಂಬುಲೆನ್ಸ್ ಹತ್ತಿಸುವ ಮೊದಲೇ 1 ಗ್ರಾಂ ಔಷಧವನ್ನು ರಕ್ತನಾಳದ ಮೂಲಕ ಸುಮಾರು 10 ನಿಮಿಷಗಳಲ್ಲಿ ನಿಧಾನವಾಗಿ ಕೊಡಬೇಕು. ಅದಕ್ಕೆ ಔಷಧ ಉಗ್ರಾಣದ ಬೀಗದೊಳಗಿರದೆ ಹೆರಿಗೆ ಕೋಣೆಯ ಟ್ರೇನಲ್ಲಿರಬೇಕು, ರಾತ್ರಿ ಪಾಳಿಯ ಶುಶ್ರೂಷಕಿಗೂ ಕ್ರಮ ತಿಳಿದಿರಬೇಕು, ಕನ್ನಡದಲ್ಲಿ ಬರೆದ ಒಂದು ಪುಟ ಗೋಡೆಯ ಮೇಲಿರಬೇಕು.

ಹೊಸದನ್ನು ಸೇರಿಸುವಷ್ಟೇ ಮುಖ್ಯವಾದದ್ದು ಹಳೆಯದನ್ನು ಕೈಬಿಡುವುದು. ಭತ್ತದ ಗದ್ದೆಗಳಿಂದ ಹಾವು ಕಚ್ಚಿಸಿಕೊಂಡು ಬರುವವರಿಗೆ ವಿಷನಿರೋಧಕದ ಚರ್ಮ ಪರೀಕ್ಷೆ ಮಾಡುವ ರೂಢಿ ಇನ್ನೂ ಇದ್ದರೆ ಅದನ್ನು ನಿಲ್ಲಿಸಬೇಕು, ಏಕೆಂದರೆ ಅದು ಔಷಧಕ್ಕೆ ಬರಬಹುದಾದ ಅಲರ್ಜಿ ಪ್ರತಿಕ್ರಿಯೆಯನ್ನು ಮುನ್ಸೂಚಿಸದೆ ಚಿಕಿತ್ಸೆಯನ್ನು ತಡ ಮಾಡುತ್ತದೆ.

ತಿಂಗಳಿಗೊಮ್ಮೆ ಕೇಸ್ ಶೀಟುಗಳನ್ನು ತೆರೆದು, ಹೆರಿಗೆಯ ರಕ್ತಸ್ರಾವ ಗುರುತಿಸಿದ ಸಮಯಕ್ಕೂ ಟ್ರಾನೆಕ್ಸಾಮಿಕ್ ಆಮ್ಲ ಕೊಟ್ಟ ಸಮಯಕ್ಕೂ ನಡುವಿನ ಅಂತರವನ್ನು ಲೆಕ್ಕ ಹಾಕಬೇಕು. ಸಮಯವೇ ದಾಖಲಾಗಿಲ್ಲದಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.