ಸಾಲದ ಜೊತೆ ಹೊಲಿದು ಕೊಟ್ಟ ವಿಮೆಯನ್ನು ನಾನು ಬಿಚ್ಚಿಸಿದ್ದು

2025ರ ಏಪ್ರಿಲ್‌ನಲ್ಲಿ ನನ್ನ ಸಾಲದ ಖಾತೆಗೆ ವಿಮೆಯ ಪ್ರೀಮಿಯಂ ಮೂವತ್ತೆಂಟು ಸಾವಿರ ವಾಪಸ್ ಜಮೆಯಾದ ಸಂದೇಶ ಬಂತು. ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ನಮ್ಮ ಭಾವನವರಿಗೆ ಕಳಿಸಿದ್ದು. ಅವರು ಆಡಿಟರ್ ಕಚೇರಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವರು. "ಬ್ಯಾಂಕಿನ ಹೊಟ್ಟೆಗೆ ಇಳಿದದ್ದು ಮೇಲೆ ಬಂದದ್ದನ್ನು ನಾನಂತೂ ನೋಡಿಲ್ಲ, ಸುಮ್ಮನೆ ಕೆಲಸ ನೋಡಿಕೋಪ್ಪ" ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಆ ದಿನ ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿ, "ನೀನು ವಿಮೆಯವರಿಗೆ ಬರೆದ ಪತ್ರದ ಜೆರಾಕ್ಸ್ ಒಂದು ಕೊಡು, ನನ್ನ ಮನೆ ಸಾಲದಲ್ಲೂ ಅಂಥದ್ದೇ ಒಂದು ಇದೆ" ಎಂದರು.

ನನ್ನದು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹದಿನಾಲ್ಕು ಯಂತ್ರಗಳ ಜೀನ್ಸ್ ಹೊಲಿಗೆ ಘಟಕ. 2023ರ ಆಗಸ್ಟ್‌ನಲ್ಲಿ, ದಸರೆಯ ಆರ್ಡರ್ ಹಿಡಿಯುವ ಅವಸರದಲ್ಲಿ, ಒಂದು ಖಾಸಗಿ ಬ್ಯಾಂಕಿನಿಂದ ಹನ್ನೆರಡು ಲಕ್ಷ ಸಾಲ ಎತ್ತಿದೆ. ಐದು ವರ್ಷದ ಅವಧಿ, ಶೇಕಡಾ 14ರ ಆಸುಪಾಸು ಬಡ್ಡಿ. ಮಂಜೂರಾದದ್ದು ಹನ್ನೆರಡು ಲಕ್ಷವಲ್ಲ, ಹನ್ನೆರಡು ಲಕ್ಷದ ಅರವತ್ತನಾಲ್ಕು ಸಾವಿರ ಎಂಬುದು ನನ್ನ ಕಣ್ಣಿಗೆ ಬೀಳಲು ಏಳು ತಿಂಗಳು ಬೇಕಾಯಿತು. ಮಾರ್ಚ್‌ನಲ್ಲಿ ಬಡ್ಡಿ ಪ್ರಮಾಣಪತ್ರ ತರಿಸಿದಾಗ ಲೆಕ್ಕ ತಾಳೆಯಾಗಲಿಲ್ಲ. ಹೆಚ್ಚುವರಿ ಅರವತ್ತನಾಲ್ಕರಲ್ಲಿ ಮೂವತ್ತೆಂಟು ಸಾವಿರ ಜೀವ ವಿಮೆಗೆ, ಇಪ್ಪತ್ತಾರು ಸಾವಿರ ಇನ್ನೊಂದು ಕಂಪನಿಯ ಅಪಘಾತ ಮತ್ತು ಗಂಭೀರ ಕಾಯಿಲೆಯ ವಿಮೆಗೆ ಹೋಗಿತ್ತು. ಎರಡೂ ಒಂದೇ ಗಂಟಿನ ಪ್ರೀಮಿಯಂ. ಅದೇ ಸಾಲಕ್ಕೆ ಸೇರಿ ಅದಕ್ಕೂ ಬಡ್ಡಿ. ತಿಂಗಳ ಕಂತಿನಲ್ಲಿ ಸುಮಾರು 1,490 ರೂಪಾಯಿ ಇದರದ್ದೇ. ಅರವತ್ತು ಕಂತು ಮುಗಿಯುವ ಹೊತ್ತಿಗೆ ಅರವತ್ತನಾಲ್ಕು ಸಾವಿರವು ಎಂಬತ್ತೊಂಬತ್ತು ಸಾವಿರ ದಾಟುತ್ತಿತ್ತು.

ಮೊದಲ ಎರಡು ತಿಂಗಳು ನಾನು ಮಾಡಿದ್ದೆಲ್ಲ ದಂಡ. ಶಾಖೆಗೆ ಆರು ಸಲ ಹೋದೆ. ವ್ಯವಸ್ಥಾಪಕರು ಚಹಾ ತರಿಸಿದರು, "ಸಾರ್, ಇದು ಕಡ್ಡಾಯ, ಸಿಸ್ಟಂ ತಾನಾಗಿಯೇ ಹಾಕುತ್ತದೆ" ಎಂದರು. ಇನ್ನೊಂದು ದಿನ, "ಹದಿನೈದು ದಿನದೊಳಗೆ ಹೇಳಬೇಕಿತ್ತು" ಎಂದರು. ಕಡ್ಡಾಯವಾದರೆ ಹದಿನೈದು ದಿನದಲ್ಲಿ ರದ್ದಾಗುವುದು ಹೇಗೆ ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ, ಮನೆಗೆ ಬಂದ ಮೇಲೆ ಹೊಳೆಯಿತು. ಬರಹದಲ್ಲಿ ಏನನ್ನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಉಚಿತ ಸಹಾಯವಾಣಿಗೆ ಮಾಡಿದ ಕರೆಗಳನ್ನು ಎಣಿಸಿಲ್ಲ. ಪ್ರತಿ ಸಲವೂ ದೂರು ಸಂಖ್ಯೆ ಬರುತ್ತಿತ್ತು, ಮೂರನೆಯ ದಿನ 'ಪರಿಹರಿಸಲಾಗಿದೆ' ಎಂಬ ಸಂದೇಶವೂ ಬರುತ್ತಿತ್ತು.

ಆಮೇಲೆ ಸಿಟ್ಟಿನಲ್ಲಿ ನಾಲ್ಕು ಪುಟದ ಪತ್ರ ಬರೆದೆ. ಮೋಸ, ಲೂಟಿ, ಬಡವರ ರಕ್ತ, ಎಲ್ಲವೂ ಅದರಲ್ಲಿತ್ತು. ಉತ್ತರ ಎರಡೇ ಸಾಲು: ನಿಮ್ಮ ಸಹಿ ಮತ್ತು ಒಟಿಪಿ ಒಪ್ಪಿಗೆಯೊಂದಿಗೆ ಪಾಲಿಸಿ ನೀಡಲಾಗಿದೆ. ಪರಿಚಯದ ವಕೀಲರೊಬ್ಬರಿಗೆ ಮೂರು ಸಾವಿರ ಕೊಟ್ಟು ಅವರ ಕೈಯಿಂದಲೇ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಹಾಕಿಸಿದೆ. ಅದೂ ತಿರಸ್ಕೃತವಾಯಿತು. 2021ರ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲಿ ವಕೀಲರ ಮೂಲಕ ದೂರು ಕೊಡುವಂತಿರಲಿಲ್ಲ. ಎರಡನೆಯ ಸಲ ನಾನೇ ಹಾಕಿದೆ. ಬ್ಯಾಂಕಿಗೆ ಹೊಸದಾಗಿ ಬರೆದಿದ್ದೆ, ಉತ್ತರ ಬಾರದಿದ್ದರೆ ಮೂವತ್ತು ದಿನ ಕಾಯಬೇಕಿತ್ತು, ನಾನು ಹತ್ತೊಂಬತ್ತನೆಯ ದಿನವೇ ಹಾಕಿದ್ದೆ. ಅದೂ ಮುಚ್ಚಿತು. ಆ ಮೂರು ಸಾವಿರ ಇವತ್ತಿಗೂ ಉರಿಯುತ್ತದೆ. ಪ್ರೀಮಿಯಂ ಹೋದದ್ದಕ್ಕಿಂತ ಹೆಚ್ಚು.

ಆಗಸ್ಟ್‌ನಲ್ಲಿ ಜೀವ ವಿಮೆ ಕಂಪನಿಯಿಂದ ಒಬ್ಬ ಹುಡುಗ ಕರೆ ಮಾಡಿದ. ಬಹಳ ಮರ್ಯಾದಸ್ಥ. "ಸಾರ್, ಪಾಲಿಸಿ ಅರ್ಧದಲ್ಲೇ ಬಿಟ್ಟುಕೊಡುವ ಸರೆಂಡರ್ ಫಾರ್ಮಿಗೆ ಸಹಿ ಹಾಕಿ ಕೊಡಿ, ಹದಿನೇಳು ಸಾವಿರ ವಾರದೊಳಗೆ ಬರುತ್ತದೆ." ಅಕ್ಕನ ಮಗ ಪಕ್ಕದಲ್ಲೇ ಕೂತಿದ್ದ. "ತಗೊಳ್ಳಿ ಮಾವ, ಸಿಕ್ಕಿದ್ದೇ ಲಾಭ" ಎಂದ. ಕೈ ಪೆನ್ನಿನವರೆಗೆ ಹೋಗಿತ್ತು. ನಿಂತದ್ದು ಒಂದೇ ಯೋಚನೆಯಿಂದ. ನಮ್ಮಲ್ಲಿ ಅಂಗಡಿಯವರು ಮಾಲು ವಾಪಸ್ ಕೊಡುವಾಗ 'ಕಡಿಮೆ ಬೆಲೆಗೆ ಇಟ್ಟುಕೊಳ್ಳುತ್ತೇನೆ' ಎಂದು ಒಪ್ಪಿದರೆ ಆಮೇಲೆ ಹೊಲಿಗೆ ಸರಿಯಿಲ್ಲ ಎಂದು ತಕರಾರು ತೆಗೆಯುವಂತಿಲ್ಲ. ಸರೆಂಡರ್ ಎಂದರೂ ಅಷ್ಟೇ. ಪಾಲಿಸಿ ಸರಿಯಾಗಿಯೇ ಇತ್ತು, ನನಗೆ ಸಾಕಾಯಿತು ಎಂದು ನಾನೇ ಬರೆದುಕೊಟ್ಟ ಹಾಗೆ. ನಾನು ಕೇಳಬೇಕಾದದ್ದು 'ರದ್ದತಿ ಮತ್ತು ಪೂರ್ಣ ಮರುಪಾವತಿ'. ನಮ್ಮ ಬೀದಿಯ ವಾಷಿಂಗ್ ಘಟಕದವರೊಬ್ಬರು ಆಗಲೇ ಸರೆಂಡರ್‌ಗೆ ಸಹಿ ಹಾಕಿ ಹನ್ನೊಂದು ಸಾವಿರ ತೆಗೆದುಕೊಂಡಿದ್ದರು. ಆಮೇಲೆ ಅವರಿಗಾಗಿ ನಾನು ಎಷ್ಟು ತಿಣುಕಿದರೂ ಒಂದು ರೂಪಾಯಿ ಹೊರಡಲಿಲ್ಲ.

ದಾರಿ ತಿರುಗಿದ್ದು ಕಾಗದ ಕೇಳಲು ಶುರು ಮಾಡಿದ ಮೇಲೆ. ಹಣ ಕೇಳುವುದನ್ನು ಒಂದು ತಿಂಗಳು ನಿಲ್ಲಿಸಿಬಿಟ್ಟೆ. ವಿಮೆಯ ಅರ್ಜಿ, ಆರೋಗ್ಯ ಘೋಷಣೆ, ಪಾಲಿಸಿ ತಲುಪಿಸಿದ್ದಕ್ಕೆ ಪುರಾವೆ, ಪಾಲಿಸಿಗೆ ಮೊದಲು ಖಚಿತಪಡಿಸಿಕೊಳ್ಳಲು ಮಾಡಿದ ಕರೆಯ ಧ್ವನಿಮುದ್ರಣ, ಇಷ್ಟನ್ನೇ ಕೇಳಿದೆ. ಕಾಗದ ಕೇಳುವವನ ಮೇಲೆ ಅವರಿಗೆ ಅಷ್ಟು ಸಂಶಯ ಬರುವುದಿಲ್ಲ.

ಬಂದ ಅರ್ಜಿಯನ್ನು ನೋಡಿ ನಗು ಬಂತು. ಆರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಅರ್ಜಿಯಲ್ಲಿ ಮಧುಮೇಹದ ಮುಂದೆ 'ಇಲ್ಲ' ಎಂದು ಗುರುತು. ಬರೆದ ಶಾಯಿ ನೀಲಿ, ನನ್ನ ಸಹಿ ಕಪ್ಪು. ಬೇರೆಯವರು ತುಂಬಿದ್ದರೆ 'ವಿಷಯವನ್ನು ಅರ್ಜಿದಾರರ ಭಾಷೆಯಲ್ಲಿ ವಿವರಿಸಿ ಹೇಳಿದ್ದೇನೆ' ಎಂದು ತುಂಬಿದವರು ಸಹಿ ಮಾಡಬೇಕಾದ ಜಾಗ ಖಾಲಿ. ನಾನು ಮೂರು ವರ್ಷದೊಳಗೆ ಸತ್ತಿದ್ದರೆ, ವಿಮಾ ಕಾಯ್ದೆಯ 45ನೇ ಕಲಮು ಹಿಡಿದು ಇದೇ ಸುಳ್ಳು ಗುರುತನ್ನು ತೋರಿಸಿ ಕ್ಲೇಮ್ ತಳ್ಳಿಹಾಕುತ್ತಿದ್ದರು. ಅಂದರೆ ಮೂವತ್ತೆಂಟು ಸಾವಿರಕ್ಕೆ ನನ್ನ ಹೆಂಡತಿ ಮಕ್ಕಳಿಗೆ ಸಿಗುತ್ತಿದ್ದದ್ದು ಒಂದು ಮೊಕದ್ದಮೆ. ಪಾಲಿಸಿ ಕಾಗದ ಹೋದದ್ದು ನಾನು ಎರಡು ವರ್ಷದ ಹಿಂದೆ ಬಿಟ್ಟ ಬಾಡಿಗೆ ಮಳಿಗೆಗೆ. ಪಾಲಿಸಿ ನೋಡಿ ಬೇಡವೆಂದು ಹಿಂದಿರುಗಿಸುವ ಹದಿನೈದು ದಿನದ ಲೆಕ್ಕ ಶುರುವಾಗುವುದು ಪಾಲಿಸಿ ಕೈಗೆ ಬಂದ ದಿನದಿಂದ. ಕೈಗೇ ಬಾರದಿದ್ದರೆ? ಈ ಪರಿಶೀಲನಾ ಅವಧಿ 2024ರ ನಿಯಮಗಳಿಂದ ಮೂವತ್ತು ದಿನವಾಗಿದೆ, ನನ್ನ ಕಾಲಕ್ಕೆ ಹದಿನೈದೇ ಇತ್ತು. ಇನ್ನು ಧ್ವನಿಮುದ್ರಣ. ಹಿಂದಿಯಲ್ಲಿ ಒಬ್ಬಾಕೆ ಒಂದೇ ಉಸಿರಿಗೆ ಓದುತ್ತಾಳೆ, ಹಿಂದೆ ನಮ್ಮ ಓವರ್‌ಲಾಕ್ ಯಂತ್ರ ಗರ್ಜಿಸುತ್ತದೆ, ನಾನು 'ಹಾಂ ಜೀ, ಹಾಂ ಜೀ' ಎನ್ನುತ್ತೇನೆ, ನಡುವೆ ಒಮ್ಮೆ ಕಟಿಂಗ್ ಮಾಸ್ಟರ್‌ಗೆ ಬಯ್ಯುತ್ತೇನೆ. ಆ ಬೈಗುಳ ಮುಂದೆ ನನಗೆ ಬಹಳ ಉಪಕಾರ ಮಾಡಿತು.

ಈ ನಡುವೆ ಒಂದು ಅಡ್ಡ ಪ್ರಯೋಗ. ಖಾಸಗಿ ಬ್ಯಾಂಕಿಗೆ ಮಾಹಿತಿ ಹಕ್ಕು ಅನ್ವಯಿಸುವುದಿಲ್ಲ. ಆದರೆ ನನ್ನ ಹೆಂಡತಿಯ ಟೈಲರಿಂಗ್ ಸಾಲ ಸರ್ಕಾರಿ ಬ್ಯಾಂಕಿನಲ್ಲಿತ್ತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಅಂಟಿಸಿ ಆಕೆಯ ಹೆಸರಿನಲ್ಲಿ ಅರ್ಜಿ ಹಾಕಿದೆವು. ಇಪ್ಪತ್ತಾರನೆಯ ದಿನಕ್ಕೆ ಪುಟಕ್ಕೆ ಎರಡು ರೂಪಾಯಿಯಂತೆ ಎಲ್ಲ ಪ್ರತಿಗಳೂ ಬಂದವು. ಅಲ್ಲಿ ಸಿಕ್ಕಿದ್ದು ಪ್ರಧಾನಮಂತ್ರಿ ಜೀವನಜ್ಯೋತಿಯ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಯ 20 ರೂಪಾಯಿ, ಅಷ್ಟೇ. ಅವನ್ನು ಬಿಡಿಸಲು ಹೋಗಲಿಲ್ಲ. 436 ರೂಪಾಯಿಗೆ ಎರಡು ಲಕ್ಷದ ರಕ್ಷಣೆ. ಆ ದರದಲ್ಲಿ ಹನ್ನೆರಡು ಲಕ್ಷಕ್ಕೆ ಲೆಕ್ಕ ಹಾಕಿದರೆ ವರ್ಷಕ್ಕೆ 2,616, ಐದು ವರ್ಷಕ್ಕೆ ಹದಿಮೂರು ಸಾವಿರ. ಒಬ್ಬರಿಗೆ ಎರಡು ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬುದು ಬೇರೆ ಮಾತು, ಆದರೂ ನನ್ನ ಮೂವತ್ತೆಂಟನ್ನು ಅಳೆಯಲು ಒಂದು ಟೇಪು ಸಿಕ್ಕಿತು.

ಇನ್ನೊಂದು ವಿಷಯ ಗೆಳೆಯರೊಬ್ಬರ ಮಗನಿಂದ ತಿಳಿಯಿತು, ಅವನು ಬ್ರಿಟನ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿ ಇದೇ ಜಾತಿಯ ವಿಮೆಗೆ ಪಿಪಿಐ ಎನ್ನುತ್ತಾರೆ. ಅಲ್ಲಿನ ಬ್ಯಾಂಕುಗಳು ಸುಮಾರು 3,800 ಕೋಟಿ ಪೌಂಡ್ ವಾಪಸ್ ಕೊಟ್ಟಿವೆ. ದೂರಿಗೆ 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಒಬ್ಬ ಮಹಿಳೆಯ ಪ್ರಕರಣದಲ್ಲಿ ಪ್ರೀಮಿಯಂನ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಕಮಿಷನ್ ಆಗಿತ್ತು, ಅದನ್ನು ಮುಚ್ಚಿಟ್ಟದ್ದೇ ಅನ್ಯಾಯ ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿನ ಕಾನೂನು ನಮ್ಮ ಬಳ್ಳಾರಿಗೆ ಬರುವುದಿಲ್ಲ, ಆದರೆ ಪ್ರಶ್ನೆ ಬರಬಹುದಲ್ಲ. ನನ್ನ ಪತ್ರದಲ್ಲೂ ಒಂದು ಸಾಲು ಸೇರಿಸಿದೆ: ಈ ಎರಡು ಪಾಲಿಸಿಗಳಿಂದ ಬ್ಯಾಂಕಿಗೆ ಬಂದ ಕಮಿಷನ್ ಎಷ್ಟು? ಇಂದಿನವರೆಗೂ ಉತ್ತರವಿಲ್ಲ. ಆದರೆ ಅದಾದ ಮೇಲೆ ನನಗೆ ಬರುವ ಕಾಗದಗಳಲ್ಲಿ ಸಹಿ ಮಾಡುವವರ ಹುದ್ದೆ ದೊಡ್ಡದಾಯಿತು.

ಈಗ ನನ್ನ ಮುಖ್ಯ ಕೆಲಸ. ಎಲ್ಲರೂ ಒಂದೇ ದೂರನ್ನು ಎಲ್ಲರಿಗೂ ಕಳಿಸುತ್ತಾರೆ. ಬ್ಯಾಂಕು ವಿಮೆಯವರತ್ತ ಕೈ ತೋರಿಸುತ್ತದೆ, ವಿಮೆಯವರು ಬ್ಯಾಂಕಿನತ್ತ. ನಾನು ಬಟ್ಟೆ ಕತ್ತರಿಸುವವನು, ದೂರನ್ನೂ ಮೂರು ತುಂಡಾಗಿ ಕತ್ತರಿಸಿದೆ. ಬ್ಯಾಂಕಿನಲ್ಲಿ ದೂರುಗಳಿಗೆ ಹೊಣೆಯಾದ ಪ್ರಧಾನ ನೋಡಲ್ ಅಧಿಕಾರಿಗೆ ಬರೆದ ಪತ್ರದಲ್ಲಿ ಸಕ್ಕರೆ ಕಾಯಿಲೆಯ ಸುದ್ದಿಯೇ ಇಲ್ಲ. ಸಾಲಕ್ಕೂ ವಿಮೆಗೂ ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಗಂಟು ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ನೀವು ಹಾಕಿದ್ದೀರಿ, ಅರವತ್ತನಾಲ್ಕು ಸಾವಿರದ ಮೇಲೆ ಎಳೆದ ಬಡ್ಡಿ ಕೊಡಿ, ಇಷ್ಟೇ. ಜೀವ ವಿಮೆಯವರಿಗೆ ಬರೆದದ್ದರಲ್ಲಿ ಬಡ್ಡಿಯ ಸುದ್ದಿಯಿಲ್ಲ: ಘೋಷಣೆ ನನ್ನದಲ್ಲ, ಪಾಲಿಸಿ ತಲುಪಿಲ್ಲ, ಪ್ರೀಮಿಯಂ ಹಿಂದಿರುಗಿಸಿ. ಮೂರನೆಯದು ಅಪಘಾತ ವಿಮೆಯ ಕಂಪನಿಗೆ, ಅದೂ ಹಾಗೆಯೇ. ಪ್ರತಿಯೊಂದೂ ಒಂದೇ ಪುಟ. ಪತ್ರದ ಕೊನೆಯಲ್ಲಿ ನಾನು ಹಾಕುವ ಎರಡು ಸಾಲುಗಳಿವೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಬ್ಯಾಂಕಿನವರಿಗೂ ಕನ್ನಡ ಓದಲು ಬರುತ್ತದೆ. ಪತ್ರಗಳನ್ನು ವಾರದ ಯಾವ ದಿನ, ಯಾವ ಕ್ರಮದಲ್ಲಿ ಕಳಿಸಬೇಕು ಎಂಬುದೂ ನನ್ನ ಹತ್ತಿರವೇ ಇರಲಿ.

ಸೆಪ್ಟೆಂಬರ್ ಮಧ್ಯದಲ್ಲಿ ಮೂರನ್ನೂ ಸ್ವೀಕೃತಿ ಕಾರ್ಡಿನೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದೆ, ಮಿಂಚಂಚೆಯಲ್ಲೂ ಕಳಿಸಿದೆ. ಅಪಘಾತ ವಿಮೆಯವರು ಅಕ್ಟೋಬರ್‌ನಲ್ಲೇ ಇಪ್ಪತ್ತಾರು ಸಾವಿರ ಬಿಟ್ಟುಕೊಟ್ಟರು, ಒಂದು ಮಾತೂ ಆಡಲಿಲ್ಲ. ಉಳಿದಿಬ್ಬರು ನಿರಾಕರಿಸಿದರು. ಆ ನಿರಾಕರಣೆಯೇ ನನಗೆ ಬೇಕಾಗಿತ್ತು, ಅದಾಗಲಿ ಮೂವತ್ತು ದಿನದ ಮೌನವಾಗಲಿ ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ನವೆಂಬರ್‌ನಲ್ಲಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕಿನ ಪೋರ್ಟಲ್‌ನಲ್ಲಿ, ಜೀವ ವಿಮೆಯವರ ಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು. ಎರಡಕ್ಕೂ ಶುಲ್ಕವಿಲ್ಲ. ನನ್ನದು ಗುಂಪು ಪಾಲಿಸಿ, ಅಂದರೆ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿ, ಸಾಲಗಾರ ಅದರ ಸದಸ್ಯ ಮಾತ್ರ; ಅಂಥ ಸದಸ್ಯನಿಗೆ ಅಲ್ಲಿ ಅವಕಾಶವಿಲ್ಲ ಎಂದು ಭಾವನವರು ವಾದಿಸಿದರು. ಇದೆ.

ಬ್ಯಾಂಕು ಜನವರಿಯಲ್ಲಿ ರಾಜಿಗೆ ಬಂತು. ನನ್ನ ಲೆಕ್ಕದಲ್ಲಿ ಬಡ್ಡಿ ಹತ್ತು ಸಾವಿರದ ಹತ್ತಿರ ಇತ್ತು, ಎಂಟೂವರೆಗೆ ಒಪ್ಪಿದೆ. ಸ್ವಲ್ಪ ಬಿಗಿ ಹಿಡಿಯಬಹುದಿತ್ತು. ಆ ವಾರ ಎರಡು ಯಂತ್ರ ಕೆಟ್ಟು ಕೂತಿದ್ದವು, ತಲೆ ಓಡಲಿಲ್ಲ. ವಿಮೆಯ ವಿಚಾರಣೆ ಫೆಬ್ರವರಿಯಲ್ಲಿ. ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಕೂಡ ತೆಗೆದಿದ್ದೆ, ಆಮೇಲೆ ವಿಡಿಯೊದಲ್ಲೇ ಆಗುತ್ತದೆ ಎಂದರು. ಕಟಿಂಗ್ ಮೇಜಿನ ಮೇಲೆ ಮೊಬೈಲ್ ಒರಗಿಸಿ ಕೂತೆ. ಕಂಪನಿಯವರು ಧ್ವನಿಮುದ್ರಣದಲ್ಲಿ ಒಪ್ಪಿಗೆ ಇದೆ ಎಂದರು. ನಾನು ಹೇಳಿದ್ದು ಇಷ್ಟೇ: "ಅದರಲ್ಲಿ ಕಾಯಿಲೆಯ ಪ್ರಶ್ನೆ ಬರುವ ಹೊತ್ತಿಗೆ ನಾನು ಯಾರಿಗೋ ಬಯ್ಯುತ್ತಿದ್ದೇನೆ, ಆಕೆ ಕಾಯದೆ ಮುಂದೆ ಹೋಗಿದ್ದಾಳೆ, ದಯವಿಟ್ಟು ಕೇಳಿ." ಹತ್ತು ಹದಿನೈದು ನಿಮಿಷಕ್ಕೆ ಮುಗಿಯಿತು. ಮಾರ್ಚ್‌ನಲ್ಲಿ ತೀರ್ಪು ಬಂತು, ಪೂರ್ಣ ಪ್ರೀಮಿಯಂ. ತೀರ್ಪಿನ ನಂತರ ಮೂವತ್ತು ದಿನದೊಳಗೆ ಕೊಡಬೇಕು, ಕೊಟ್ಟರು.

ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಇಂಥ ಗುಂಪು ವಿಮೆಯ ಹಣ ಸಾಮಾನ್ಯವಾಗಿ ನಮ್ಮ ಕೈಗೆ ಬರುವುದಿಲ್ಲ, ಸಾಲದ ಖಾತೆಗೆ ಹೋಗುತ್ತದೆ. ಬ್ಯಾಂಕಿನವರು ಅದನ್ನು 'ಭಾಗಶಃ ಮುಂಗಡ ಪಾವತಿ' ಎಂದು ಬರೆದುಕೊಂಡು ಶೇಕಡಾ ನಾಲ್ಕು ದಂಡ, ಅದರ ಮೇಲೆ ಜಿಎಸ್‌ಟಿ ಕತ್ತರಿಸಿದರು. ಒಟ್ಟು ಮೂರು ಸಾವಿರ ಚಿಲ್ಲರೆ. ತಮ್ಮ ತಪ್ಪಿನ ಹಣ ವಾಪಸ್ ಬಂದದ್ದಕ್ಕೂ ನನಗೇ ದಂಡ! ಒಂದೇ ಪತ್ರಕ್ಕೆ ಬಿಟ್ಟರು.

ಒಟ್ಟು ಬಂದದ್ದು ಎಪ್ಪತ್ತೆರಡೂವರೆ ಸಾವಿರ. ಖರ್ಚು ವಕೀಲರದ್ದೂ ಸೇರಿ ಆರೂವರೆ ಸಾವಿರ ಇರಬಹುದು, ಓಡಾಟದ ದಿನಗಳನ್ನು ಎಣಿಸಿಲ್ಲ. ಆಮೇಲೆ ನಾಲ್ವರಿಗೆ ಬರೆದುಕೊಟ್ಟೆ. ಇಬ್ಬರಿಗೆ ಪೂರ್ತಿ ಬಂತು, ಸರೆಂಡರ್ ಮಾಡಿದವರಿಗೆ ಸೊನ್ನೆ, ಇನ್ನೊಬ್ಬರದು ಕೊಪ್ಪಳದ ಶಾಖೆಯದ್ದು, ನಡೆಯುತ್ತಿದೆ. 2024ರ ಅಕ್ಟೋಬರ್ 1ರ ನಂತರ ಸಾಲ ಪಡೆದವರ ಕೆಲಸ ಇನ್ನೂ ಹಗುರ. ಪ್ರಮುಖ ಅಂಶಗಳ ಪಟ್ಟಿ ಎಂಬ ಕಾಗದವನ್ನು ಮೊದಲೇ ಕೊಡಬೇಕು, ವಿಮೆಯ ಖರ್ಚನ್ನೂ ವಾರ್ಷಿಕ ದರದಲ್ಲಿ ಸೇರಿಸಿ ತೋರಿಸಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ.

ಮೊನ್ನೆ ಹಳೆಯ ಕಾಗದ ತಿರುವಿ ಹಾಕುವಾಗ ಇನ್ನೊಂದು ಕಂಡಿತು. ಸಂಸ್ಕರಣಾ ಶುಲ್ಕ ಶೇಕಡಾ ಎರಡು, ಅದನ್ನೂ ಹನ್ನೆರಡು ಲಕ್ಷದ ಅರವತ್ತನಾಲ್ಕು ಸಾವಿರದ ಮೇಲೆ ಹಾಕಿದ್ದಾರೆ. ವಿಮೆಯ ಪಾಲಿನದು ಜಿಎಸ್‌ಟಿ ಸೇರಿ 1,510 ರೂಪಾಯಿ. ರಾಜಿ ಮಾಡಿಕೊಳ್ಳುವಾಗ ಇದನ್ನು ಬಿಟ್ಟದ್ದು ನನ್ನದೇ ಮರೆವು. ಪತ್ರ ಹೋಗಿ ಇಪ್ಪತ್ತೆರಡು ದಿನವಾಯಿತು.