ನಮ್ಮ ಮನೆಯ ಪತ್ತನಾಜೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದದ್ದು ಫ್ರಿಜ್ಜು. ಇದು ನನಗೆ ಗೊತ್ತಾಗುವಾಗ ಅದು ಮನೆಗೆ ಬಂದು ಒಂಬತ್ತು ವರ್ಷ ಆಗಿತ್ತು. ಒಂದು ದಿನ ಬೆಳಗ್ಗೆ ಐದಕ್ಕೆ ಎದ್ದು ಚಾವಡಿಯಲ್ಲಿ ಸುಮ್ನೆ ಕುಳಿತಿದ್ದೆ. ಒಳಗಿನಿಂದ ಗುಂಯ್ ಅಂತ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಧಡ್ ಅಂತ ಒಮ್ಮೆ ನಡುಗಿ ನಿಂತಿತು. ನಿಂತ ಮೇಲೆ ಹೆಗಲಿನಿಂದ ಯಾರೋ ಅಕ್ಕಿಮೂಟೆ ಇಳಿಸಿಕೊಂಡ ಹಾಗಾಯಿತು.

ಆ ಭಾನುವಾರ ನಮ್ಮವರು ಫ್ರಿಜ್ಜನ್ನು ಎಳೆದು ನೋಡಿದರು. ಒಂದು ಕಾಲು ಗಿಡ್ಡ. ಹಿಂದಿನ ಜಾಲರಿ ಗೋಡೆಗೆ ತಾಗುತ್ತಿತ್ತು. ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಿ, ಗೋಡೆಯಿಂದ ನಾಲ್ಕು ಬೆರಳು ಮುಂದೆ ತಂದದ್ದಷ್ಟೆ, ಸದ್ದು ಅರ್ಧಕ್ಕರ್ಧ ಇಳಿಯಿತು. ಮೌನ ಹುಡುಕಿಕೊಂಡು ಹೊರಟ ನನಗೆ ಮೊದಲು ಉಪಯೋಗಕ್ಕೆ ಬಂದದ್ದು ಧ್ಯಾನವಲ್ಲ, ಒಂದು ಸ್ಪ್ಯಾನರ್!

ನಮ್ಮ ಮನೆ ಇರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ. ಹಳೆಯ ಹಂಚಿನ ಮನೆ. ಮುಂದೆ ಜಗಲಿ, ಹಿತ್ತಿಲಲ್ಲಿ ಬಾವಿ. ಅತ್ತೆ, ಗಂಡ, ಮಗಳು, ಮಗ ಮತ್ತು ನಾನು, ಒಟ್ಟು ಐದು ಜನ. ಬೆಳಗಾದರೆ ಮಣಿಪಾಲಕ್ಕೆ ಹೋಗುವ ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಸೀಟಿ. ರಾತ್ರಿಯಾದರೆ ಇಂದ್ರಾಳಿ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು. ನಾನು ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್. ದಿನವಿಡೀ ಕೌಂಟರಿನಲ್ಲಿ ಮಾತು, ನೋಟು ಎಣಿಸುವ ಯಂತ್ರದ ಪಟಪಟ. ಸಂಜೆ ಮನೆಗೆ ಬಂದರೆ ಟಿವಿ, ಮಿಕ್ಸಿ, ಕುಕ್ಕರ್, ಗೋಡೆಗೆ ಬಡಿಯುವ ಮಗನ ಚೆಂಡು.

ನನ್ನ ತವರು ತೀರ್ಥಹಳ್ಳಿಯ ಹತ್ತಿರ, ಅಡಿಕೆ ತೋಟದ ನಡುವೆ. ತಮಾಷೆಯೆಂದರೆ ಅಲ್ಲಿಗೂ ಇಲ್ಲಿಗೂ ಒಂದೇ ರಸ್ತೆ, ತೀರ್ಥಹಳ್ಳಿಯಿಂದ ಮಲ್ಪೆಗೆ ಬರುವ 169ಎ ಹೆದ್ದಾರಿ. ಮೇಲಿನ ತುದಿಯಲ್ಲಿ ಕೀಟಗಳ ಜೀರ್ ಸದ್ದು ಬಿಟ್ಟರೆ ಬೇರೇನಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಹೆಬ್ರಿ ದಾಟಿ ಬಂದರೆ ಈ ಗಲಾಟೆ. ನನ್ನ ಶಾಂತಿಯನ್ನು ಘಾಟಿಯ ಮೇಲೆಯೇ ಬಿಟ್ಟು ಬಂದಿದ್ದೇನೆ ಅಂತ ವರ್ಷಗಟ್ಟಲೆ ನಂಬಿಕೊಂಡಿದ್ದೆ.

ಇಲ್ಲೇ ಮೌನವಾಗಿರಲು ಪ್ರಯತ್ನ ಮಾಡದೆ ಇರಲಿಲ್ಲ. ಹತ್ತು ದಿನ ಮಾತಾಡದೆ ಧ್ಯಾನ ಮಾಡುವ ವಿಪಶ್ಯನ ಶಿಬಿರಕ್ಕೆ ಹೋಗುವ ಆಸೆಯಿತ್ತು, ಅಷ್ಟು ರಜೆ ಯಾರು ಕೊಡುತ್ತಾರೆ? ಕೋಣೆಯ ಬಾಗಿಲು ಹಾಕಿ ಅರ್ಧ ಗಂಟೆ ಕೂರುತ್ತೇನೆ ಅಂದುಕೊಂಡೆ. ಮೂರನೆಯ ದಿನ ಅತ್ತೆ ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೇಳಿದರು, "ಎಂತ ಆಯ್ತು ನಿನಗೆ? ನಾನು ಏನಾದ್ರೂ ಹೇಳಿದೆನಾ?" ಒಳಗೆ ಕುಳಿತವಳಿಗೆ ಕಣ್ಣೀರು ಬಂತು. ನಮ್ಮಂಥ ಮನೆಗಳಲ್ಲಿ ಚಿಲಕ ಹಾಕಿದ ಬಾಗಿಲಿಗೆ ಒಂದೇ ಅರ್ಥ, ಸಿಟ್ಟು. ಬಾಗಿಲು ತೆಗೆದೆ. ಆ ಪ್ರಯೋಗ ಅಲ್ಲಿಗೆ ಮುಗಿಯಿತು.

ಆಮೇಲೆ ಭಾನುವಾರ ಬೆಳಗ್ಗೆ ಮೌನವ್ರತ. ಮಗನ ಸ್ಲೇಟು ತೆಗೆದು 'ಹನ್ನೊಂದರವರೆಗೆ ಮಾತಿಲ್ಲ' ಅಂತ ಬರೆದು ಮೇಜಿನ ಮೇಲೆ ಇಟ್ಟೆ. ಅತ್ತೆ ಕನ್ನಡಕ ಹುಡುಕುವಷ್ಟರಲ್ಲಿ ನನ್ನ ಗಂಟಲು ಕಟ್ಟಿದೆ ಅಂತ ತೀರ್ಮಾನವಾಗಿ ಕಾಳುಮೆಣಸಿನ ಕಷಾಯ ಒಲೆ ಏರಿತು. ಗ್ಯಾಸಿನವನು ಬಂದ. ಬೆರಳು ಎಣಿಸಿ ತೋರಿಸಿದೆ, ಅವನೂ ಬೆರಳಿನಲ್ಲೇ ಉತ್ತರ ಕೊಟ್ಟ. ಮಗನಿಗೆ ಇದು ಹೊಸ ಆಟವಾಯಿತು. ನಾನು ಕೈ ಆಡಿಸಿದಾಗಲೆಲ್ಲ "ಅಮ್ಮ ನೀರು ಕೇಳ್ತಿದ್ದಾಳೆ, ಅಲ್ಲ, ಪೊರಕೆ" ಅಂತ ಮನೆಮಂದಿಗೆಲ್ಲ ಕೂಗಿ ಅರ್ಥ ಹೇಳುತ್ತಿದ್ದ. ನಾನು ಬಾಯಿ ಮುಚ್ಚಿದ್ದೇ ತಡ, ಮನೆಯ ಮಾತು ಎರಡರಷ್ಟಾಯಿತು. ಹತ್ತೂವರೆಗೆ "ಸಾಕು!" ಅಂತ ಕಿರುಚಿದೆ. ಆ ವಾರದಲ್ಲಿ ನಾನು ಆಡಿದ ಅತಿ ಜೋರಿನ ಮಾತು ಅದೇ ಇರಬೇಕು.

2022ರ ಮೇ ತಿಂಗಳಲ್ಲಿ ನಾಲ್ಕು ದಿನ ಒಬ್ಬಳೇ ತವರಿಗೆ ಹೋದೆ. ಮೊದಲ ದಿನ ಸ್ವರ್ಗ. ಎರಡನೆಯ ದಿನ ಮಧ್ಯಾಹ್ನ ನಾನು ಮನೆಯ ಹಿಂದಿನ ದರೆ ಹತ್ತಿ, ಫೋನನ್ನು ಮೇಲೆತ್ತಿ ಹಿಡಿದು ನಿಂತಿದ್ದೆ, ಎಲ್ಲಾದರೂ ಒಂದು ಕಡ್ಡಿ ಟವರ್ ಸಿಗುತ್ತದಾ ಅಂತ. ಯಾಕೆ? ಯಾರ ಹತ್ತಿರವೂ ಮಾತಾಡುವುದಿರಲಿಲ್ಲ. ಸುಮ್ನೆ. ಅಂಗಳದಲ್ಲಿ ಅಡಿಕೆ ಆರಿಸುತ್ತಿದ್ದ ಅಪ್ಪ ತಲೆ ಎತ್ತಿ ನೋಡಿ, ಮತ್ತೆ ತಲೆ ತಗ್ಗಿಸಿದರು. ಆಗ ಆದ ನಾಚಿಕೆ ಇವತ್ತಿಗೂ ನೆನಪಿದೆ.

ವಾಪಸು ಬಂದ ಸಂಜೆ ಅತ್ತೆ ದೇವರ ದೀಪ ಹಚ್ಚುತ್ತಾ ಹೇಳಿದರು, "ಇವತ್ತು ಪತ್ತನಾಜೆ. ಇನ್ನು ಚೆಂಡೆ ಸದ್ದು ಇಲ್ಲ ಮಾರಾಯ್ತಿ."

ಪತ್ತನಾಜೆ ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು ಬರುತ್ತದೆ. ಅಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮ, ಊರ ಜಾತ್ರೆಗಳಿಗೂ ಅಂದಿಗೆ ತೆರೆ. ಮತ್ತೆ ಶುರುವಾಗಬೇಕಾದರೆ ದೀಪಾವಳಿ ಕಳೆಯಬೇಕು. ನಡುವೆ ಮಳೆ, ಗದ್ದೆ ಕೆಲಸ, ಶುಭಕಾರ್ಯ ಇಲ್ಲದ ಆಟಿ ತಿಂಗಳು. (ಈಗ ಮಳೆಗಾಲದಲ್ಲೂ ಸಭಾಭವನಗಳಲ್ಲಿ ಯಕ್ಷಗಾನ ಆಗುತ್ತದೆ, ಅದು ಬೇರೆ ಮಾತು.) ಘಾಟಿಯ ಮೇಲಿನಿಂದ ಬಂದ ನನಗೆ ಇದು ಕ್ಯಾಲೆಂಡರಿನ ಒಂದು ಹೆಸರು ಮಾತ್ರ ಆಗಿತ್ತು. ಅವತ್ತು ತಲೆಗೆ ಹೊಳೆಯಿತು. ಇಡೀ ಊರು ಒಟ್ಟಿಗೆ ಒಪ್ಪಿಕೊಂಡು ಒಂದು ದಿನ ಸದ್ದು ಇಳಿಸುತ್ತದೆ. ಅದಕ್ಕೊಂದು ಕೊನೆಯೂ ಇದೆ, ಹಾಗಾಗಿ ಯಾರಿಗೂ ಕಷ್ಟ ಅನ್ನಿಸುವುದಿಲ್ಲ. ನಾನು ಮಾತ್ರ ಮನೆಯಲ್ಲಿ ಯಾರನ್ನೂ ಕೇಳದೆ ಒಬ್ಬಳೇ ಗೆಜ್ಜೆ ಬಿಚ್ಚಲು ಹೊರಟಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. ದೀಪಾವಳಿವರೆಗೆ ಒಬ್ಬೊಬ್ಬರು ಒಂದೊಂದು ಸದ್ದು ಬಿಡೋಣವಾ? ಒಂದೇ ಒಂದು. ಆದರೆ ಯಾರು ಏನು ಬಿಡಬೇಕು ಅಂತ ಉಳಿದವರು ಹೇಳಬೇಕು.

ನಮ್ಮವರ ಪಾಲಿಗೆ ಒಂಬತ್ತು ಗಂಟೆಯ ನ್ಯೂಸ್ ಚರ್ಚೆ ಬಂತು. ನೋಡಲಿ, ಆದರೆ ಇಯರ್‌ಫೋನ್ ಹಾಕಿಕೊಂಡು. ಮಗಳು ಫೋನಿನ ಸ್ಪೀಕರ್ ಬಿಟ್ಟಳು. ಮಗನ ಚೆಂಡು ಚಾವಡಿಯಿಂದ ಹಿತ್ತಿಲಿಗೆ ಹೋಯಿತು. ಅತ್ತೆಯನ್ನು ಕೇಳಿದರೆ, "ಸೀರಿಯಲ್ ಮಾತ್ರ ಬಿಡುವುದಿಲ್ಲ, ಈಗಲೇ ಹೇಳಿದ್ದೇನೆ" ಅಂದರು. ಎಪ್ಪತ್ತಾರು ವರ್ಷದವರ ಜೊತೆ ಎಂತ ವಾದ? ಏಳರಿಂದ ಎಂಟು ಅವರದ್ದು ಅಂತ ಬಿಟ್ಟೆವು.

"ನನ್ನದು?" ಅಂದೆ. ನನ್ನದೇನೂ ಇರಲಿಕ್ಕಿಲ್ಲ ಅಂತ ಧೈರ್ಯವಿತ್ತು.

ಯಾರೂ ಮಾತಾಡಲಿಲ್ಲ. ಆಮೇಲೆ ಮಗ ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ನನ್ನದೇ ಸ್ವರದಲ್ಲಿ ಕೂಗಿದ. ಅಕ್ಕನ ಹೆಸರು, ತನ್ನ ಹೆಸರು, "ರೀ", "ಅತ್ತೇ", ಎಲ್ಲ ಒಂದೇ ಉಸಿರಿನಲ್ಲಿ. ಮಗಳು ನಕ್ಕು ನಕ್ಕು ತಟ್ಟೆಯ ಮೇಲೆ ಬಗ್ಗಿದಳು. ಅತ್ತೆ ನಗಲಿಲ್ಲ. "ಪಾತ್ರೆಯನ್ನೂ ನೀನು ಸ್ವಲ್ಪ ಬಡಿಯುತ್ತೀ" ಅಂತ ಸೇರಿಸಿದರು, ಅಷ್ಟೇ.

ಹಾಗಾಗಿ ನನ್ನ ಗೆಜ್ಜೆ ಅದು: ಅಡಿಗೆಮನೆಯಿಂದ ಕೂಗುವ ಹಾಗಿಲ್ಲ. ಯಾರಿಗಾದರೂ ಏನಾದರೂ ಹೇಳಬೇಕಾದರೆ ಅವರಿದ್ದಲ್ಲಿಗೆ ನಡೆದು ಹೋಗಿ ಹೇಳಬೇಕು. ಮೊದಲ ವಾರ ಕಾಲು ನೋವು ಬಂತು, ಸುಳ್ಳಲ್ಲ. ಎರಡನೆಯ ವಾರದಿಂದ, ಹೋಗಿ ಹೇಳುವಷ್ಟು ಮುಖ್ಯವಲ್ಲದ ಮಾತುಗಳನ್ನು ಬಿಟ್ಟುಬಿಡಲು ಶುರು ಮಾಡಿದೆ. ತಿಂಗಳಾಗುವಾಗ ಸಾಕಷ್ಟು ಮಾತು ಉದುರಿಹೋಗಿತ್ತು. ಮಕ್ಕಳು ಉತ್ತರ ಕೊಡುವಾಗ ಕಿರುಚುವುದೂ ತಾನಾಗಿ ನಿಂತಿತು. ಮನೆಯ ಗದ್ದಲಕ್ಕೆ ಶ್ರುತಿ ಹಿಡಿಯುತ್ತಿದ್ದವಳು ನಾನೇ ಅಂತ ಒಪ್ಪಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು.

ಬೆಳಗ್ಗೆ ಐದಕ್ಕೆ ಏಳುವ ಅಭ್ಯಾಸ ಶುರುವಾದದ್ದೂ ಆಗಲೇ. ಫ್ರಿಜ್ಜಿನ ಕಥೆ ಆ ದಿನಗಳದ್ದು. ಜಗಲಿಯಲ್ಲಿ ಕೂರುತ್ತೇನೆ, ಆರಕ್ಕೆ ಏಳುತ್ತೇನೆ. ಆಗೊಮ್ಮೆ ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿ ನೋಡಿದ್ದೆ. ಐದು ಗಂಟೆಗೆ 38 ಡೆಸಿಬಲ್, ಬಸ್ಸುಗಳ ಹೊತ್ತಿಗೆ 70ರ ಮೇಲೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ದಾಟಬಾರದು ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಇದೆ. ಫೋನಿನ ಅಳತೆ ಅಷ್ಟೇನೂ ಕರಾರುವಾಕ್ಕಲ್ಲ. ಅಳೆದು ಅಳೆದು ತಲೆಬಿಸಿ ಜಾಸ್ತಿಯಾಯಿತು, ಆ್ಯಪ್ ತೆಗೆದುಹಾಕಿದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಆ ಒಂದು ಗಂಟೆ ಮೊದಮೊದಲು ಚೆಂದವಾಗಿರಲಿಲ್ಲ. ಹೊರಗೆ ಸದ್ದು ನಿಂತ ಕೂಡಲೇ ಒಳಗೆ ಶುರು. ಎಂಟು ವರ್ಷ ಹಿಂದೆ ನಾದಿನಿ ಆಡಿದ ಮಾತು, ಕೌಂಟರಿನಲ್ಲಿ ಒಬ್ಬರು ಎಲ್ಲರೆದುರು ಬೈದದ್ದು, ಅದಕ್ಕೆ ನಾನು ಕೊಡಬೇಕಾಗಿದ್ದ ಉತ್ತರ. ಮನಸ್ಸಿನಲ್ಲೇ ಜಗಳ ಗೆದ್ದು, ಗೆದ್ದ ಸುಸ್ತಿನಲ್ಲಿ ಆರು ಗಂಟೆಗೆ ಏಳುತ್ತಿದ್ದೆ. ಹೀಗೆ ಕೂರುವುದಕ್ಕಿಂತ ಮಲಗುವುದೇ ವಾಸಿ ಅಂತಲೂ ಅನ್ನಿಸಿತು.

ದಾರಿ ಸಿಕ್ಕಿದ್ದು ಅತ್ತೆಯಿಂದ. ಅವರು ಲಕ್ಷ ಬತ್ತಿಯ ಹರಕೆ ಹೊತ್ತಿದ್ದರು. ದಿನಾ ಮಧ್ಯಾಹ್ನ ಜಗಲಿಯ ಮೂಲೆಯಲ್ಲಿ ಕುಳಿತು ಹತ್ತಿ ಹಿಂಜಿ, ಬೀಜ ತೆಗೆದು, ಬೆರಳಿಗೆ ಚೂರು ವಿಭೂತಿ ಮುಟ್ಟಿಸಿಕೊಂಡು ಬತ್ತಿ ಹೊಸೆಯುತ್ತಿದ್ದರು. ನೂರೆಂಟು ಆದಾಗ ಒಂದು ಕಟ್ಟು. ಅಷ್ಟು ವರ್ಷ ನಾನು ಅದನ್ನು ಹೊತ್ತು ಕಳೆಯುವ ಕೆಲಸ ಅಂದುಕೊಂಡಿದ್ದೆ. ಒಂದು ರಜೆಯ ದಿನ ಪಕ್ಕದಲ್ಲಿ ಕುಳಿತು ನೋಡಿದೆ. ಮುಕ್ಕಾಲು ಗಂಟೆ ಅವರು ಒಂದು ಮಾತೂ ಆಡಲಿಲ್ಲ. ಮಾತಾಡಬಾರದು ಅಂತಲ್ಲ, ಮಾತು ಬೇಕಾಗಿರಲಿಲ್ಲ. ಬಾಗಿಲು ಹಾಕದೆ, ಸ್ಲೇಟು ಬರೆಯದೆ, ಐದು ಜನರ ಮನೆಯಲ್ಲಿ ದಿನಾ ಒಂದು ಹೊತ್ತು ಒಬ್ಬರೇ ಇರುವುದನ್ನು ಈ ಹೆಂಗಸು ನನಗಿಂತ ಎಷ್ಟೋ ಮೊದಲು ಸಾಧಿಸಿದ್ದರು. ಕೈಯಲ್ಲಿ ಕೆಲಸ ಇರುವವರನ್ನು ಯಾರೂ ಎಬ್ಬಿಸುವುದಿಲ್ಲ, ನೋಡಿ.

"ನನಗೂ ಸ್ವಲ್ಪ ಹತ್ತಿ ಕೊಡಿ ಅತ್ತೆ" ಅಂದೆ. ಮರುದಿನದಿಂದ ಬೆಳಗ್ಗೆ ಐದರ ಹೊತ್ತಿಗೆ ನನ್ನ ಮಡಿಲಲ್ಲೂ ಹತ್ತಿ. ಎಳೆ ಕಡಿಯದ ಹಾಗೆ ಹೊಸೆಯಬೇಕು, ಬಿಗಿಯಾದರೆ ಎಣ್ಣೆ ಏರುವುದಿಲ್ಲ, ಸಡಿಲಾದರೆ ಬೇಗ ಉರಿದುಹೋಗುತ್ತದೆ. ನಾದಿನಿ ಈಗಲೂ ಮನಸ್ಸಿಗೆ ಬರುತ್ತಾಳೆ, ಆದರೆ ಹತ್ತು ಬತ್ತಿಯೊಳಗೆ ಹೊರಟುಹೋಗುತ್ತಾಳೆ.

ಅಡಿಗೆಮನೆ ಹಗುರಾದದ್ದು ಸದ್ದಿನ ಹಿಂದೆಯೇ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಕುಕ್ಕರಿನ ಸೀಟಿಗೆ ಲೆಕ್ಕವಿಲ್ಲ. ಈ ಊರಿನಲ್ಲಿ ಸಿಗುವ ಥರ್ಮಲ್ ರೈಸ್ ಕುಕ್ಕರ್ ತಂದೆ. ಅಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಪಾತ್ರೆ ಸಮೇತ ಅದರೊಳಗೆ ಇಟ್ಟು ಮುಚ್ಚಿದರೆ ಒಂದೂವರೆ ಗಂಟೆಯಲ್ಲಿ ತನ್ನಷ್ಟಕ್ಕೆ ಬೇಯುತ್ತದೆ. ಗ್ಯಾಸೂ ಉಳಿಯುತ್ತದೆ. ಮಿಕ್ಸಿ ಈಗ ಸಂಜೆ ಮಾತ್ರ, ನಾಳೆಗೆ ಬೇಕಾದದ್ದನ್ನೂ ಸೇರಿಸಿ ಒಂದೇ ಸಲ. ತಾಜಾ ಕಾಯಿ ಅರೆದ ರುಚಿ ಬರುವುದಿಲ್ಲ ಅಂತ ನಮ್ಮವರಿಗೆ ಬೇಸರವಿದೆ. ಇರಲಿ.

ಚಾತುರ್ಮಾಸ್ಯದಲ್ಲಿ ಅತ್ತೆ ನಾಲ್ಕು ವ್ರತವನ್ನೂ ಹಿಡಿಯುತ್ತಾರೆ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ಒಂದೊಂದು ತಿಂಗಳು ಮೊಸರು, ಹಾಲು, ದ್ವಿದಳ ಧಾನ್ಯ ಬಿಡುವುದು. ಅವರಿಗೆ ಬೇರೆ, ನಮಗೆ ಬೇರೆ ಅಂತ ಎರಡು ಅಡಿಗೆ ಮಾಡಿ ಬೆನ್ನು ನೋಯಿಸಿಕೊಳ್ಳುತ್ತಿದ್ದೆ. ಈಗ ಆ ಮೊದಲ ತಿಂಗಳು ಎಲ್ಲರಿಗೂ ಒಂದೇ ಅಡಿಗೆ, ಹೆಸರುಬೇಳೆ, ತೆಂಗಿನಕಾಯಿ, ಕಾಳುಮೆಣಸಿನ ಸಾರು. ಮಕ್ಕಳು ಗೊಣಗುತ್ತಾರೆ, ಉಣ್ಣುತ್ತಾರೆ. ವಾರಕ್ಕೆ ಎರಡು ರಾತ್ರಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಒಂದು ತಟ್ಟೆ, ಒಂದು ಲೋಟ. ತೊಳೆಯಲು ಪಾತ್ರೆ ಕಡಿಮೆ, ಬಡಿಯಲೂ ಕಡಿಮೆ. ಅಟ್ಟದಲ್ಲಿದ್ದ ಉಡುಗೊರೆಯ ಸ್ಟೀಲು ಪಾತ್ರೆಗಳಲ್ಲಿ ಮುಕ್ಕಾಲು ಪಾಲು ಗುಜರಿಗೆ ಹೋಯಿತು.

ಫೋನು ರಾತ್ರಿ ಎಂಟರಿಂದ ಬೆಳಗ್ಗೆ ಆರರವರೆಗೆ ಚಾವಡಿಯ ಗೋಡೆಗೂಡಿನಲ್ಲಿ. ಅಪ್ಪನಿಗೆ ವಯಸ್ಸಾಗಿದೆ, ಪೂರ್ತಿ ಬಂದ್ ಮಾಡಲು ಧೈರ್ಯವಿಲ್ಲ. ನಾಲ್ಕು ಜನರ ಕರೆಗೆ ಮಾತ್ರ ರಿಂಗ್ ಇದೆ.

ದೀಪಾವಳಿ ಬಂದಾಗ ಮಾತಿನ ಪ್ರಕಾರ ಎಲ್ಲರೂ ಬಿಟ್ಟದ್ದನ್ನು ವಾಪಸು ತೆಗೆದುಕೊಂಡರು. ಚೆಂಡು ಚಾವಡಿಗೆ ಬಂತು. ನಾನೂ ಅವತ್ತು ಅಡಿಗೆಮನೆಯಿಂದ ಮನಸಾರೆ ಒಮ್ಮೆ ಕೂಗಿದೆ. ನಮ್ಮವರ ಇಯರ್‌ಫೋನ್ ಮಾತ್ರ ಹಾಗೇ ಉಳಿಯಿತು, ಹೆಂಡತಿಯ ಮಾತು ಕೇಳಿಸದೆ ಇರುವ ಲಾಭ ಅವರಿಗೆ ಗೊತ್ತಾಗಿತ್ತು. ಅಂದಿನಿಂದ ಪ್ರತಿ ಪತ್ತನಾಜೆಯ ರಾತ್ರಿ ಊಟದ ಹೊತ್ತಿಗೆ ಈ ಪಂಚಾಯಿತಿ ನಡೆಯುತ್ತದೆ. ಒಂದು ವರ್ಷ ಮುರಿದುಬಿತ್ತು, ಮಗಳ ಹತ್ತನೇ ಕ್ಲಾಸು, ಎಲ್ಲರೂ ಎಲ್ಲರ ಮೇಲೂ ಕೂಗಾಡಿದ ವರ್ಷ ಅದು.

ಈಗ ಪಕ್ಕದ ಜಾಗದಲ್ಲಿ ಫ್ಲ್ಯಾಟ್ ಏಳುತ್ತಿದೆ. ಕಲ್ಲು ಕೊರೆಯುವ ಯಂತ್ರ ಶುರುವಾದರೆ ಹಂಚು ಅದುರುತ್ತದೆ. ಅದಕ್ಕೆ ನಮ್ಮ ಪಂಚಾಯಿತಿಯಲ್ಲಿ ಮದ್ದಿಲ್ಲ. ಹಗಲಿನ ಆಸೆ ಬಿಟ್ಟು, ಕೆಲಸದವರು ಹೋದ ಮೇಲೆ ಆರರಿಂದ ಏಳು ನಾನೂ ಅತ್ತೆಯೂ ಜಗಲಿಯಲ್ಲಿ ಕೂರುತ್ತೇವೆ. ಅವರ ಕಣ್ಣು ಮಂಜಾಗಿದೆ, ಬೆರಳಿನ ಅಂದಾಜಿನಲ್ಲೇ ಹೊಸೆಯುತ್ತಾರೆ. ಮೊನ್ನೆ ಮಗಳು ಬಂದು, ಏನೂ ಕೇಳದೆ, ಬುಟ್ಟಿಯಿಂದ ಹತ್ತಿ ತೆಗೆದುಕೊಂಡು ನಡುವೆ ಕುಳಿತಳು. ಒಂದು ಬತ್ತಿ ಹೊಸೆದಳು, ಒಂದು ಕಡೆ ದಪ್ಪ, ಇನ್ನೊಂದು ಕಡೆ ನೂಲಿನಷ್ಟು ಸಪೂರ. ಅತ್ತೆ ಅದನ್ನು ಕೈಯಲ್ಲಿ ತಡವಿ ನೋಡಿದರು. ಬಿಚ್ಚಿ, ಮತ್ತೆ ಹೊಸೆದು, ಕಟ್ಟಿನೊಳಗೆ ಸೇರಿಸಿದರು.